ಸಣ್ಣ ಹಸಿರುಮನೆಗೆ ಸುಲಭ ಬೆಲೆಯ ಹೊದಿಕೆಗಳು

ಬೆಂಗಳೂರು ಉತ್ತರ ತಾಲ್ಲೂಕಿನ ದಾಸನಪುರ ಹೋಬಳಿಗೆ ಸೇರಿದ ಮಾಕಳಿ ಗ್ರಾಮವು ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಯಶವಂತಪುರದ ಮಾರುಕಟ್ಟೆಯೂ ದಾಸನಪುರದ ಮಾರುಕಟ್ಟೆಯೂ ಇದಕ್ಕೆ ಸಮೀಪವಾಗಿರುವುದರಿಂದ ತರಕಾರಿ, ಸೊಪ್ಪು, ಹೂ ಮೊದಲಾದವುಗಳನ್ನು ಬೆಳೆಯುವವರಿಗೆ ಇಲ್ಲಿ ಅನುಕೂಲವು ಹೆಚ್ಚು. ಆದರೆ ನಗರವು ದಿನೇ ದಿನೇ ಹತ್ತಿರ ಬರುತ್ತಿದೆ. ೨೦೨೪ನೆಯ ಇಸವಿ ನವೆಂಬರ್ ತಿಂಗಳಲ್ಲಿ ನೆರೆಯ ಮಾದಾವರದವರೆಗೆ ಮೆಟ್ರೋ ರೈಲು ಬಂದಿದೆ. ಜಮೀನು ಕುಗ್ಗುತ್ತ ಬಂದಷ್ಟೂ ಉಳಿದ ಎಕರೆ, ಅರ್ಧ ಎಕರೆಯಲ್ಲಿ ಇಟ್ಟ ಬೆಳೆಯು ತಪ್ಪದೆ ಕೈಗೆ ಹತ್ತಬೇಕಾದುದು ಅವಶ್ಯಕ. ಬೆಳೆಯು ಕೈಗೆ ಹತ್ತಬೇಕಾದರೆ ನಾಟಿ ಮಾಡತಕ್ಕ ಪೈರು ಮೊದಲು ನಿರ್ದುಷ್ಟವಾಗಿರಬೇಕು.

ಬಯಲಿನಲ್ಲಿ ಹಾಕಿದ ಒಟ್ಲುಪಾತಿಯ ಪೈರಿಗೆ ಮೂರು ಕಡೆಯಿಂದ ಆಪತ್ತುಂಟು. ಭರಣಿ, ಕೃತ್ತಿಕೆ ಮಳೆಗಳ ಬಿರುಸಾದ ಹನಿಗಳು, ಕೆಲವು ವೇಳೆ ಆಲಿಕಲ್ಲುಗಳು, ಎಳೆಯ ಪೈರನ್ನು ನೆಲಕ್ಕೆ ಬಡಿಯುತ್ತವೆ. ಜಡಿಮಳೆಯಲ್ಲಿ ಪಾತಿಯು ಜೌಗು ಹಿಡಿದು ಪೈರಿನ ಬುಡವು ಕೊಳೆಯುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಬಿಳಿನೊಣವು ಎಲೆಮುಟುರು ರೋಗದ ನಂಜನ್ನು ತಂದು ಹತ್ತಿಸುತ್ತದೆ. ಇವುಗಳ ನಿವಾರಣೆಗಾಗಿ ಅನೇಕರು ಮನೆಯಲ್ಲಿಯೇ ಗಳು, ಕಂಬಗಳನ್ನು ಹೊಂದಿಸಿಕೊಂಡು ಸಣ್ಣ ಹಸಿರುಮನೆಯನ್ನು ಕಟ್ಟಿಕೊಳ್ಳಲು ಯತ್ನಿಸುವುದುಂಟು. ಇದು ಮೆಚ್ಚತಕ್ಕ ವಿಷಯವೇ ಸರಿ. ಆದರೆ ಅಂಗಡಿಯಲ್ಲಿ ಯಾವುದು ಅತ್ಯಂತ ಅಗ್ಗವೋ ಅದನ್ನು ತಂದು ಹೊದಿಸಿದಲ್ಲಿ, ಪೈರು ಇನ್ನೂ ಎರಡೆಲೆಯಲ್ಲಿರುವಾಗಲೇ ಹೊದಿಕೆಯು ಹರಿದು, ಹಾಕಿದ ಹಣವೂ ಬಿತ್ತಿದ ಬೀಜವೂ ನಾಟಿಯ ಹದವೂ ಒಟ್ಟಿಗೆ ನಷ್ಟವಾಗುವುವು. ಆದಕಾರಣ ಹೊದಿಕೆಯ ಆಯ್ಕೆಯನ್ನು ಕುರಿತು ತಿಳಿಯತಕ್ಕ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಹೊದಿಕೆಯಿಂದ ಆಗಬೇಕಾದ ಕೆಲಸ

ಹಸಿರುಮನೆಯು ಮೊದಲು ಪ್ರಚಾರಕ್ಕೆ ಬಂದುದು ಶೀತದೇಶಗಳಲ್ಲಿ. ಅಲ್ಲಿ ಹಿಮ ಬೀಳುವ ಕಾಲದಲ್ಲಿ ಗಿಡಗಳಿಗೆ ಬೆಚ್ಚಗಿನ ಆಸರೆಯನ್ನು ಕೊಡುವುದೇ ಅದರ ಮುಖ್ಯೋದ್ದೇಶ. ಮಾಕಳಿಯ ಸ್ಥಿತಿಯು ಬೇರೆ. ಬೆಂಗಳೂರಿನ ಪ್ರಸ್ಥಭೂಮಿಯು ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿದ್ದು ಇಲ್ಲಿ ಚಳಿಯು ಮಿತವಾದದ್ದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣತೆಯು ೧೮೮೪ನೆಯ ಇಸವಿ ಜನವರಿ ತಿಂಗಳಿನದು. ಆಗಲೂ ಅದು ೭.೮ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇಳಿಯಲಿಲ್ಲ. ಇದಕ್ಕೆ ಪ್ರತಿಯಾಗಿ ೨೦೧೬ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಉಷ್ಣತೆಯು ೩೯.೨ ಡಿಗ್ರಿಗೆ ಏರಿತು. ವರ್ಷದಲ್ಲಿ ಸರಾಸರಿ ೯೭೦ ಮಿಲಿಮೀಟರಿನಷ್ಟು, ಎಂದರೆ ಸುಮಾರು ೩೮ ಅಂಗುಲ, ಮಳೆಯಾಗುವುದು.

ಇದರಿಂದ ಏನು ತಿಳಿಯಬರುವುದೆಂದರೆ, ಈ ಪ್ರಾಂತ್ಯದ ಹಸಿರುಮನೆಯು ಗಿಡವನ್ನು ಬೆಚ್ಚಗಿಡುವುದಕ್ಕಾಗಿ ಇರತಕ್ಕದ್ದಲ್ಲ. ಮೇಲಿನಿಂದ ಮಳೆಯನ್ನು ತಡೆಯಬೇಕು. ಬೆಳಕನ್ನು ಒಳಕ್ಕೆ ಬಿಡಬೇಕು. ಮಗ್ಗುಲಿನಿಂದ ಗಾಳಿಯನ್ನು ಬಿಡಬೇಕು. ಆದರೆ ಕೀಟವನ್ನು ಬಿಡಬಾರದು. ಒಂದೇ ಪದಾರ್ಥದಿಂದ ಈ ನಾಲ್ಕು ಕೆಲಸಗಳೂ ಆಗಲಾರವು. ಮಳೆಯನ್ನು ತಡೆಯುವ ಹಾಳೆಯು ಗಾಳಿಯನ್ನೂ ತಡೆಯುವುದು. ಗಾಳಿಯನ್ನು ಬಿಡುವ ಬಲೆಯು ಮಳೆಯನ್ನೂ ಬಿಡುವುದು. ಆದ್ದರಿಂದ ಮಾಡಿಗೆ ಒಂದು ಹೊದಿಕೆ, ಮಗ್ಗುಲುಗಳಿಗೆ ಇನ್ನೊಂದು ಹೊದಿಕೆ ಎಂದು ಬೇರೆ ಬೇರೆಯಾಗಿ ಆರಿಸಿಕೊಳ್ಳಬೇಕು. ನಾಲ್ಕು ಕಡೆಗೂ ಪ್ಲಾಸ್ಟಿಕ್ ಹಾಳೆಯನ್ನೇ ಬಿಗಿದಿರುವ ಮನೆಯು ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಒಲೆಯಂತೆ ಕಾದು ಪೈರು ಬೆಂದುಹೋಗುವುದು.

ಹಿಂದಿನ ಪದ್ಧತಿಗಳು

ಬೆಳೆಗೆ ಹೊದಿಕೆಯನ್ನು ಹಾಕುವುದು ಕನ್ನಡನಾಡಿನ ರೈತರಿಗೆ ಹೊಸದೇನೂ ಅಲ್ಲ. ಮಲೆನಾಡಿನ ಅಡಕೆ ತೋಟಗಳಲ್ಲಿ ಕೊಳೆರೋಗದಿಂದ ಗೊನೆಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಮಳೆಗಾಲಕ್ಕೆ ಮುಂಚೆ ಒಂದೊಂದು ಗೊನೆಗೂ ಕೊಟ್ಟೆಯನ್ನು ಕಟ್ಟುತ್ತಿದ್ದರು. ೧೯೧೩ನೆಯ ಇಸವಿಯಿಂದ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮೈಲುತುತ್ತ ಮತ್ತು ಸುಣ್ಣವನ್ನು ಸೇರಿಸಿದ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಪ್ರಚಾರಕ್ಕೆ ತಂದಮೇಲೆ ಆ ಕಷ್ಟವು ಬಹುಮಟ್ಟಿಗೆ ತಪ್ಪಿತು. ಬಯಲುಸೀಮೆಯಲ್ಲಿ ಒಟ್ಲುಪಾತಿಯ ಮೇಲೆ ಹುಲ್ಲನ್ನು ಹರಡುವುದೂ, ತೆಂಗಿನ ಗರಿಯ ಚಪ್ಪರವನ್ನು ಹಾಕುವುದೂ ರೂಢಿಯಲ್ಲಿದ್ದ ಕ್ರಮಗಳೇ ಆಗಿವೆ.

ಗಾಜಿನ ಹೊದಿಕೆಗೆ ಹತ್ತಿರದ ಉದಾಹರಣೆಯೆಂದರೆ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ. ೧೮೮೯ನೆಯ ಇಸವಿ ನವೆಂಬರ್ ೩೦ನೆಯ ತಾರೀಖು ರಾಜಕುಮಾರ ಆಲ್ಬರ್ಟ್ ವಿಕ್ಟರರು ಅದಕ್ಕೆ ಶಂಕುಸ್ಥಾಪನೆಯನ್ನು ಮಾಡಿದರು. ಕಬ್ಬಿಣ, ಗಾಜುಗಳ ಅಂಥ ಕಟ್ಟಡವು ಸರ್ಕಾರದ ಉದ್ಯಾನಕ್ಕೆ ಸರಿಹೋಗುವುದೇ ಹೊರತು ರೈತನ ಹಿತ್ತಲಿಗೆ ಎಟುಕತಕ್ಕದ್ದಲ್ಲ. ೧೯೩೩ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಪಾಲಿಥೀನ್ ಎಂಬ ಪದಾರ್ಥವನ್ನು ಕಂಡುಹಿಡಿದರು. ೧೯೪೮ನೆಯ ಇಸವಿಯಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಎಮ್ಮರ್ಟರು ಗಾಜಿಗೆ ಬದಲಾಗಿ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಹಸಿರುಮನೆಯನ್ನು ಕಟ್ಟಿದರು. ಗಾಜಿಗೆ ಹಣವಿಲ್ಲದವರಿಗೂ ಹಸಿರುಮನೆಯು ಸಾಧ್ಯವೆಂಬುದು ಅಲ್ಲಿಂದೀಚೆಗೆ ಸ್ಥಿರವಾಯಿತು.

ಹೊದಿಕೆಗಳ ಗುಣದೋಷಗಳು

ಈಗ ದೊರೆಯುವ ಹೊದಿಕೆಗಳನ್ನು ಸ್ಥೂಲವಾಗಿ ಕೆಳಗೆ ಕಂಡಂತೆ ವಿಂಗಡಿಸಬಹುದು.

೧. ಗಾಜು. ಬಿದ್ದ ಬೆಳಕಿನಲ್ಲಿ ಶೇಕಡ ೯೦ರಷ್ಟನ್ನು ಒಳಕ್ಕೆ ಬಿಡುವುದು, ಬಿಸಿಲಿಗೆ ಕೆಡುವುದಿಲ್ಲ. ಆದರೆ ಇದರ ಭಾರವು ವಿಪರೀತ. ೪ ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ೧೦ ಕಿಲೋಗ್ರಾಂ ತೂಗುವುದು. ಇದನ್ನು ಹೊರಲು ಬೊಂಬಿನ ಚೌಕಟ್ಟು ಸಾಲದು. ಆಲಿಕಲ್ಲಿಗೆ ಒಡೆಯುವ ಭಯವೂ ಉಂಟು. ಹಳೆಯ ಕಿಟಕಿಗಳ ಗಾಜು ಸಿಕ್ಕಿದಲ್ಲಿ ಒಂದು ಸಣ್ಣ ಪೆಟ್ಟಿಗೆಪಾತಿಗೆ ಮುಚ್ಚಳವಾಗಿ ಉಪಯೋಗಿಸಬಹುದೇ ಹೊರತು ಮಾಡಿಗೆ ಹೊದಿಸುವ ಆಲೋಚನೆ ಬೇಡ.

೨. ಗಟ್ಟಿ ಪ್ಲಾಸ್ಟಿಕ್ ತಗಡುಗಳು. ಇವುಗಳಲ್ಲಿ ಗಾಜುನಾರಿನ ತಗಡು, ಪಾಲಿಕಾರ್ಬೊನೇಟ್ ತಗಡು ಎಂಬ ಎರಡು ಬಗೆಗಳು ಹೆಚ್ಚಾಗಿ ಬಳಕೆಯಲ್ಲಿವೆ. ಗಾಜುನಾರಿನ ತಗಡು ಕೆಲವು ವರ್ಷಗಳಲ್ಲಿ ಹಳದಿಗಟ್ಟಿ, ಮೇಲ್ಮೈಯು ಒರಟಾಗಿ, ಧೂಳನ್ನು ಹಿಡಿಯುವುದು. ಎರಡು ಪದರದ ಪಾಲಿಕಾರ್ಬೊನೇಟ್ ತಗಡು ಸುಮಾರು ಹತ್ತು ವರ್ಷ ಬಾಳುವುದು. ಬೆಳಕನ್ನು ಶೇಕಡ ೮೦ರಷ್ಟು ಬಿಡುವುದು. ಇದರ ಒಂದು ಮುಖಕ್ಕೆ ಮಾತ್ರ ಬಿಸಿಲನ್ನು ತಡೆಯುವ ಲೇಪನವಿರುವುದು ಸಾಮಾನ್ಯ. ಆ ಮುಖವು ಯಾವುದೆಂದು ಹಾಳೆಯ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಸೂರ್ಯನ ಕಡೆಗೆ ಮಾಡದೆ ತಿರುವುಮುರುವಾಗಿ ಹೊದಿಸಿದಲ್ಲಿ ತಗಡು ಬೇಗನೆ ಕೆಡುವುದು. ಮೊದಲ ಖರ್ಚು ಹೆಚ್ಚಾದ್ದರಿಂದ ಇದು ಅನುಕೂಲಸ್ಥರಿಗೆ ಮಾತ್ರ ಯೋಗ್ಯವಾದದ್ದು.

೩. ಸಾಧಾರಣ ಪಾಲಿಥೀನ್ ಹಾಳೆ. ಸಾಮಾನು ಕಟ್ಟುವುದಕ್ಕೂ ಕಟ್ಟಡದ ಕೆಲಸಕ್ಕೂ ಮಾರುವ ಹಾಳೆಯು ಇದೇ. ಬೆಲೆಯು ಬಹಳ ಅಗ್ಗ. ಆದರೆ ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿದ್ದು, ಅವು ಈ ಹಾಳೆಯ ಕಸುವನ್ನು ಒಳಗಿನಿಂದಲೇ ತೆಗೆದುಬಿಡುತ್ತವೆ. ಕೆಲವೇ ತಿಂಗಳುಗಳಲ್ಲಿ ಹಾಳೆಯು ಹಪ್ಪಳದಂತೆ ಪೆಡಸಾಗಿ, ಮೊದಲ ಬಿರುಗಾಳಿಗೆ ಚೂರುಚೂರಾಗುವುದು.

೪. ಬಿಸಿಲು ತಾಳುವ ಪಾಲಿಥೀನ್ ಹಾಳೆ. ಇದರಲ್ಲಿ ಅತಿನೇರಳೆ ಕಿರಣಗಳಿಗೆ ಪ್ರತಿಬಂಧಕವಾದ ಮದ್ದನ್ನು ತಯಾರಿಕೆಯ ಕಾಲದಲ್ಲಿಯೇ ಸೇರಿಸಿರುತ್ತಾರೆ. ಹಸಿರುಮನೆಗಳಿಗೆ ರೂಢಿಯಲ್ಲಿರುವ ದಪ್ಪವು ೨೦೦ ಮೈಕ್ರಾನ್. ಇದನ್ನೇ ಅಂಗಡಿಯವರು ೮೦೦ ಗೇಜ್ ಎನ್ನುವರು. ಇದು ಬೆಳಕನ್ನು ಶೇಕಡ ೮೫ರಷ್ಟು ಬಿಡುವುದು. ಜೋಪಾನವಾಗಿ ನೋಡಿಕೊಂಡಲ್ಲಿ ಸುಮಾರು ಮೂರು ವರ್ಷ ಬಾಳುವುದು. ಬೆಳಕನ್ನು ಚದುರಿಸಿ ಬಿಡುವ ಹಾಳೆಗಳೂ ಉಂಟು. ಅವು ನೋಡಲು ಸ್ವಲ್ಪ ಮಬ್ಬಾಗಿದ್ದರೂ ಬಿಸಿಲು ಒಂದೇ ಕಡೆ ಚುರುಕಾಗಿ ಬೀಳದಂತೆ ಮಾಡುವುದರಿಂದ ಈ ಸೀಮೆಗೆ ಒಳ್ಳೆಯವು.

೫. ನೆರಳು ಬಲೆ. ಶೇಕಡ ೩೫, ೫೦, ೭೫ ಹೀಗೆ ಬಿಸಿಲನ್ನು ತಡೆಯುವ ಪ್ರಮಾಣಕ್ಕೆ ತಕ್ಕಂತೆ ದೊರೆಯುವುದು. ಸಸಿಗಳಿಗೆ ಶೇಕಡ ೫೦ರ ಬಲೆಯು ಸಾಕು. ಆದರೆ ಇದು ಮಳೆಯನ್ನು ತಡೆಯುವುದಿಲ್ಲ. ಇದರ ಕಣ್ಣುಗಳು ದೊಡ್ಡವಾದ್ದರಿಂದ ಬಿಳಿನೊಣವನ್ನೂ ತಡೆಯುವುದಿಲ್ಲ. ನೆರಳು ಬಲೆಯೊಂದನ್ನೇ ಹೊದಿಸಿ ರೋಗವು ಬಾರದೆಂದು ನಂಬಿ ಕುಳಿತವರು ಮೋಸಹೋಗುವರು.

೬. ಕೀಟತಡೆ ಬಲೆ. ಅಂಗುಲಕ್ಕೆ ೪೦ರಿಂದ ೫೦ ಕಣ್ಣುಗಳಿರುವ ಬಿಳಿಯ ನೈಲಾನ್ ಅಥವಾ ಪಾಲಿಥೀನ್ ಎಳೆಯ ಬಲೆಯು ಬಿಳಿನೊಣವನ್ನು ತಡೆಯಲು ಯೋಗ್ಯವಾದದ್ದು. ಟೊಮೇಟೊ ಎಲೆಮುಟುರು ರೋಗದ ನಂಜುಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಬೆಂಗಳೂರಿನ ಹೆಸರನ್ನೇ ಇಟ್ಟಿರುವರೆಂದಮೇಲೆ ಈ ಪ್ರಾಂತ್ಯದಲ್ಲಿ ಅದರ ಹಾವಳಿಯು ಎಷ್ಟೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಪೈರು ಎಳೆಯದಾಗಿರುವಾಗ ನಂಜು ಹತ್ತಿದಷ್ಟೂ ನಷ್ಟವು ಹೆಚ್ಚು. ಆದುದರಿಂದ ತರಕಾರಿ ಪೈರನ್ನು ಇಂಥ ಬಲೆಯೊಳಗೆ ಬೆಳೆಸಬೇಕೆಂಬುದು ತೋಟಗಾರಿಕೆಯ ತಜ್ಞರ ಸಲಹೆಯಾಗಿದೆ.

೭. ಮನೆಯಲ್ಲಿರುವ ಸರಕುಗಳು. ತೆಂಗಿನ ಗರಿ, ಅಡಕೆಯ ಸೋಗೆ, ಹಳೆಯ ಸೀರೆ, ಗೋಣಿತಾಟು ಇವು ಖರ್ಚಿಲ್ಲದೆ ದೊರೆಯುವುವು. ಬೇಸಗೆಯಲ್ಲಿ ಕೆಲವು ದಿನಗಳ ನೆರಳಿಗೆ ಒದಗುವುವು. ಆದರೆ ಮಳೆಯಲ್ಲಿ ನೆನೆದು ಕೊಳೆಯುವುವು. ಟಾರ್ಪಾಲನ್ನಾಗಲಿ, ಜಾಹಿರಾತಿನ ಹಳೆಯ ಫ್ಲೆಕ್ಸ್ ಬಟ್ಟೆಯನ್ನಾಗಲಿ ಮಾಡಿಗೆ ಹೊದಿಸಕೂಡದು. ಇವು ಬೆಳಕನ್ನು ಬಹುಮಟ್ಟಿಗೆ ತಡೆಯುವುದರಿಂದ ಪೈರು ಬೆಳಕನ್ನರಸಿ ನೀಳವಾಗಿ ಬೆಳೆದು, ಕಾಂಡವು ಬಡಕಲಾಗಿ, ಹೊಲಕ್ಕೆ ನೆಟ್ಟೊಡನೆಯೇ ಬೀಳುವುದು.

ಬೆಲೆಯನ್ನು ಲೆಕ್ಕ ಹಾಕುವ ಕ್ರಮ

ಹೊದಿಕೆಯ ಬೆಲೆಯನ್ನು ಗಜಕ್ಕಿಷ್ಟು, ಕಿಲೋಗ್ರಾಮಿಗಿಷ್ಟು ಎಂದು ನೋಡುವುದು ವಾಡಿಕೆ. ಆದರೆ ರೈತನು ನೋಡಬೇಕಾದುದು ಒಂದು ವರ್ಷದ ಬಾಳಿಕೆಗೆ ಬೀಳುವ ಬೆಲೆಯನ್ನು. ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಸಾಧಾರಣ ಹಾಳೆಯ ಬೆಲೆಯು ಒಂದು ಪಾಲು, ಬಿಸಿಲು ತಾಳುವ ಹಾಳೆಯ ಬೆಲೆಯು ಎರಡು ಪಾಲು ಎಂದಿಟ್ಟುಕೊಂಡರೆ, ಮೊದಲನೆಯದು ಆರು ತಿಂಗಳು ಬಾಳಿದಲ್ಲಿ ಮೂರು ವರ್ಷಕ್ಕೆ ಆರು ಸಲ ಕೊಳ್ಳಬೇಕಾಗುವುದು. ಒಟ್ಟು ವೆಚ್ಚವು ಆರು ಪಾಲು. ಎರಡನೆಯದನ್ನು ಒಂದೇ ಸಲ ಕೊಂಡರೆ ಸಾಕು; ವೆಚ್ಚವು ಎರಡೇ ಪಾಲು. ಇದಲ್ಲದೆ ಆರು ಸಲ ಹೊದಿಸುವ ಕೂಲಿ ಬೇರೆ. ಹಾಳೆಯು ಹರಿದಾಗ ಒಳಗಿದ್ದ ಪೈರಿನ ನಷ್ಟವಂತೂ ಈ ಲೆಕ್ಕಕ್ಕೆ ಸೇರಿಯೇ ಇಲ್ಲ. ಆದುದರಿಂದ ಅಂಗಡಿಯಲ್ಲಿ ಅಗ್ಗವಾದುದು ಹೊಲದಲ್ಲಿ ತುಟ್ಟಿಯಾಗುವುದುಂಟು ಎಂಬುದನ್ನು ಮರೆಯಕೂಡದು.

ಹಣವನ್ನು ಉಳಿಸಬೇಕಾದರೆ ಹೊದಿಕೆಯಲ್ಲಿ ಉಳಿಸದೆ ಚೌಕಟ್ಟಿನಲ್ಲಿ ಉಳಿಸಬೇಕು. ಹಾಳೆಯು ಹಗುರವಾದ್ದರಿಂದ ಉಕ್ಕಿನ ಕೊಳವೆಗಳೇ ಬೇಕೆಂಬ ನಿರ್ಬಂಧವಿಲ್ಲ. ಸರ್ವೆ ಅಥವಾ ನೀಲಗಿರಿಯ ಕಂಬ, ಬೊಂಬಿನ ದಬ್ಬೆ, ತೆಂಗಿನ ನಾರಿನ ಹಗ್ಗ ಇಷ್ಟರಿಂದಲೇ ಸಣ್ಣ ಮನೆಯು ಸಿದ್ಧವಾಗುವುದು.

ಒಂದು ಎಕರೆ ಟೊಮೇಟೊವಿಗೆ ಸಾಕಾಗುವ ಮನೆ

೨೦ ಅಡಿ ಉದ್ದ, ೧೦ ಅಡಿ ಅಗಲದ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಂಡಲ್ಲಿ ಲೆಕ್ಕವು ಸ್ಪಷ್ಟವಾಗುವುದು. ನಡುವೆ ೨ ಅಡಿಯ ದಾರಿಯನ್ನು ಬಿಟ್ಟು ಎರಡು ಕಡೆಗೂ ೪ ಅಡಿ ಅಗಲದ ಪಾತಿಗಳನ್ನು ಮಾಡಿದರೆ ೯೮ ಗುಳಿಗಳ ಸಸಿತಟ್ಟೆಗಳನ್ನು ೮೦ರವರೆಗೆ ಇಡಬಹುದು. ಒಟ್ಟು ಗುಳಿಗಳು ೭,೮೪೦. ಟೊಮೇಟೊವನ್ನು ಸಾಲಿನಿಂದ ಸಾಲಿಗೆ ೩ ಅಡಿ, ಗಿಡದಿಂದ ಗಿಡಕ್ಕೆ ೨ ಅಡಿಯಂತೆ ನೆಟ್ಟರೆ ಒಂದು ಎಕರೆಗೆ ಬೇಕಾಗುವುದು ೭,೨೬೦ ಪೈರು. ಹುಟ್ಟದೆ ಹೋದುವನ್ನೂ ಬಡಕಲಾದುವನ್ನೂ ಕಳೆದರೆ ಇದೇ ಒಂದು ಮನೆಯಿಂದ ಸುಮಾರು ೨೫ರಿಂದ ೩೦ ದಿನಗಳಲ್ಲಿ ಒಂದು ಎಕರೆಯ ಪೈರು ಒದಗುವುದು. ಉಳಿದ ದಿನಗಳಲ್ಲಿ ಬದನೆ, ಮೆಣಸಿನಕಾಯಿ, ಕೋಸುಗಳ ಪೈರನ್ನು ಎಬ್ಬಿಸಿ ನೆರೆಯವರಿಗೂ ಕೊಡಬಹುದು.

ಮಗ್ಗುಲುಗಳ ಎತ್ತರ ಆರೂವರೆ ಅಡಿ, ಮಾಡಿನ ನೆತ್ತಿಯ ಎತ್ತರ ಒಂಬತ್ತೂವರೆ ಅಡಿ ಇರಲಿ. ನೆತ್ತಿಯಿಂದ ಸೂರಿನವರೆಗೆ ಇಳಿಜಾರು ಸುಮಾರು ೬ ಅಡಿ. ಸೂರಿಗೆ ಒಂದು ಅಡಿಯಷ್ಟು ಹೊರಚಾಚು ಸೇರಿ ಒಂದು ಕಡೆಗೆ ೭ ಅಡಿ, ಎರಡು ಕಡೆಗೆ ೧೪ ಅಡಿ. ಉದ್ದದಲ್ಲಿಯೂ ತುದಿಗೆ ಒಂದೊಂದು ಅಡಿ ಹೆಚ್ಚಿಸಿದರೆ ೨೨ ಅಡಿ. ಹೀಗೆ ಮಾಡಿಗೆ ೩೦೮ ಚದರ ಅಡಿ, ಎಂದರೆ ೨೮.೬ ಚದರ ಮೀಟರ್ ಹಾಳೆ ಬೇಕು. ೨೦೦ ಮೈಕ್ರಾನಿನ ಹಾಳೆಯು ಚದರ ಮೀಟರಿಗೆ ೧೮೪ ಗ್ರಾಂ ತೂಗುವುದರಿಂದ ಇದರ ತೂಕವು ಐದೂಕಾಲು ಕಿಲೋಗ್ರಾಂ. ಅಂಚನ್ನು ಸುತ್ತುವುದಕ್ಕಾಗಿ ಹೆಚ್ಚಿಸಿದರೆ ೬ ಕಿಲೋಗ್ರಾಂ. ಇಷ್ಟೇ ಮಾಡಿಗೆ ೪ ಮಿಲಿಮೀಟರಿನ ಗಾಜನ್ನು ಹೊದಿಸಿದ್ದರೆ ೨೮೬ ಕಿಲೋಗ್ರಾಂ ಆಗುತ್ತಿದ್ದಿತು.

ನಾಲ್ಕು ಮಗ್ಗುಲುಗಳಿಗೂ ನೆತ್ತಿಯ ಕೆಳಗಿನ ಎರಡು ತ್ರಿಕೋಣಗಳಿಗೂ ಸೇರಿ ೪೨೦ ಚದರ ಅಡಿ ಕೀಟತಡೆ ಬಲೆ ಬೇಕು. ಈ ತ್ರಿಕೋಣಗಳಿಗೆ ಹಾಳೆಯನ್ನು ಹಾಕದೆ ಬಲೆಯನ್ನೇ ಹಾಕಬೇಕು. ಬಿಸಿಯಾದ ಗಾಳಿಯು ಮೇಲಕ್ಕೇರುವುದು ಸಹಜವಾದ್ದರಿಂದ ಅದು ಹೊರಹೋಗುವ ದಾರಿಯು ಇದೇ. ಬಲೆಯ ಕೆಳಅಂಚನ್ನು ಅರ್ಧ ಅಡಿಯಷ್ಟು ಮಣ್ಣಿನಲ್ಲಿ ಹೂಳಬೇಕು. ಹೂಳುವ ಈ ಅರ್ಧ ಅಡಿಯನ್ನು ಕೊಳ್ಳುವಾಗಲೇ ಹೆಚ್ಚಾಗಿ ಸೇರಿಸಿಕೊಳ್ಳತಕ್ಕದ್ದು. ಬಾಗಿಲಿಗೆ ಒಂದರ ಹಿಂದೆ ಒಂದರಂತೆ ಎರಡು ಬಲೆಯ ತೆರೆಗಳನ್ನು ಕಟ್ಟಿದರೆ ಒಬ್ಬರು ಒಳಕ್ಕೆ ಹೋಗುವಾಗ ನೊಣವು ಜೊತೆಗೆ ಬರುವುದು ತಪ್ಪುವುದು.

ಈ ಮಾಡಿನಿಂದ ಇನ್ನೊಂದು ಪ್ರಯೋಜನವೂ ಉಂಟು. ಒಂದು ಅಂಗುಲ ಮಳೆ ಬಿದ್ದರೆ ೨೦೦ ಚದರ ಅಡಿಯ ನೆಲದ ಮೇಲಿನ ಮಾಡಿಗೆ ಸುಮಾರು ೪೭೦ ಲೀಟರ್ ನೀರು ಬೀಳುವುದು. ಸೂರಿನ ಕೆಳಗೆ ದೋಣಿಯನ್ನು ಕಟ್ಟಿ ಪೀಪಾಯಿಗೆ ಹಿಡಿದಿಟ್ಟುಕೊಂಡರೆ ಕೊಳವೆಬಾವಿಯ ಗಡಸು ನೀರಿಗಿಂತ ಇದು ಪೈರಿಗೆ ಉತ್ತಮ.

ಕೊಳ್ಳುವಾಗ ಮಾಡತಕ್ಕ ಪರೀಕ್ಷೆ

ಮೊದಲು ಅಂಗಡಿಯಲ್ಲಿ ಹಾಳೆಯು ಎಷ್ಟು ಅಗಲಕ್ಕೆ ದೊರೆಯುವುದೆಂದು ವಿಚಾರಿಸಿ, ಅನಂತರ ಮನೆಯ ಅಗಲವನ್ನು ನಿರ್ಧರಿಸಬೇಕು. ಮನೆಯನ್ನು ಕಟ್ಟಿದಮೇಲೆ ಹಾಳೆಗೆ ಹೊರಟರೆ ಜೋಡಿಸಬೇಕಾಗುವುದು. ಜೋಡಿಸಿದ ಕಡೆ ಮಳೆಯು ಸೋರುವುದೂ ಹಾಳೆಯು ಬಿಡುವುದೂ ಖಂಡಿತ.

ಹಾಳೆಯ ದಪ್ಪವನ್ನು ಬೆರಳಿನಿಂದ ತಿಳಿಯುವುದು ಕಷ್ಟ. ಆದರೆ ತಕ್ಕಡಿಯಿಂದ ಸುಲಭ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತುಂಡನ್ನು ತೂಗಿದಾಗ ೨೦೦ ಮೈಕ್ರಾನಿನದಾದರೆ ಸುಮಾರು ೧೮೪ ಗ್ರಾಂ ಬರಬೇಕು. ೧೫೦ ಗ್ರಾಮಿನ ಸುತ್ತಮುತ್ತ ಬಂದರೆ ಅದು ತೆಳುವಾದದ್ದೆಂದು ತಿಳಿಯಬೇಕು. ಒಂದು ಕಿಲೋಗ್ರಾಮಿಗೆ ಐದೂವರೆ ಚದರ ಮೀಟರಿಗಿಂತ ಬಹಳ ಹೆಚ್ಚು ಹಾಳೆಯು ಬರುವುದೆಂದು ಹೇಳುವ ಅಂಗಡಿಯವನು ಲಾಭವನ್ನಲ್ಲ, ತೆಳುವಾದ ಹಾಳೆಯನ್ನು ಕೊಡುತ್ತಿದ್ದಾನೆ.

ಬಿಸಿಲು ತಾಳುವ ಮದ್ದು ಹಾಳೆಯಲ್ಲಿದೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಾಣದು, ತಕ್ಕಡಿಗೂ ತಿಳಿಯದು. ಇದಕ್ಕೆ ತಯಾರಕರ ಗುರುತು, ಬಾಳಿಕೆಯ ಭರವಸೆಯ ಪತ್ರ, ರಶೀತಿ ಇವೇ ಆಧಾರ. ಭಾರತೀಯ ಮಾನಕ ಬ್ಯೂರೋದವರು ಹಸಿರುಮನೆಯ ಹಾಳೆಗೆ ಐ. ಎಸ್. ೧೫೮೨೭ ಎಂಬ ಮಾನಕವನ್ನೂ, ನೆರಳು ಬಲೆಗೆ ಐ. ಎಸ್. ೧೬೦೦೮ ಎಂಬ ಮಾನಕವನ್ನೂ ಗೊತ್ತುಮಾಡಿರುತ್ತಾರೆ. ಅದಕ್ಕನುಗುಣವಾದ ಸರಕನ್ನೇ ಕೇಳಿ ಕೊಳ್ಳುವುದು ಮೇಲು. ರಶೀತಿಯನ್ನು ಹಾಳೆಯ ಬಾಳಿಕೆಯು ಮುಗಿಯುವವರೆಗೂ ಜೋಪಾನವಾಗಿಟ್ಟುಕೊಳ್ಳಬೇಕು. ಕೀಟತಡೆ ಬಲೆಯನ್ನು ಕೊಳ್ಳುವಾಗ ಅಳತೆಕೋಲನ್ನಿಟ್ಟು ಒಂದು ಅಂಗುಲದಲ್ಲಿ ಎಷ್ಟು ಕಣ್ಣುಗಳಿವೆಯೆಂದು ಎಣಿಸಿ ನೋಡಬೇಕು.

ಹೊದಿಸುವ ಕ್ರಮ

ಮನೆಯ ಉದ್ದವು ಉತ್ತರ ದಕ್ಷಿಣವಾಗಿರುವುದು ಒಳ್ಳೆಯದು. ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಎರಡು ಪಾತಿಗಳಿಗೂ ಸಮನಾಗಿ ಬೀಳುವುವು. ಮುಂಗಾರಿನ ಗಾಳಿಯು ಪಡುವಲಿನಿಂದ ಬೀಸುವುದರಿಂದ ಆ ಕಡೆಯ ಕಂಬಗಳನ್ನು ಭದ್ರವಾಗಿ ಹೂಳಬೇಕು. ಕಂಬಗಳನ್ನು ಎರಡಡಿ ಆಳಕ್ಕೆ ಇಳಿಸಿ, ಮಣ್ಣಿನಲ್ಲಿರುವ ಭಾಗಕ್ಕೆ ಮೊದಲೇ ಡಾಂಬರನ್ನು ಬಳಿದರೆ ಗೆದ್ದಲಿನ ಬಾಧೆಯು ಕಡಮೆಯಾಗುವುದು.

ಬೊಂಬಿನ ಗಿಣ್ಣುಗಳನ್ನು ಕೆತ್ತಿ ನಯಮಾಡಿ, ಹಾಳೆಯು ತಗಲುವ ಕಡೆಗಳಲ್ಲೆಲ್ಲ ಹಳೆಯ ಬಟ್ಟೆಯನ್ನು ಸುತ್ತಬೇಕು. ಕಬ್ಬಿಣದ ಕೊಳವೆಯನ್ನು ಉಪಯೋಗಿಸಿದವರು ಹಾಳೆಯು ತಾಕುವ ಕಡೆಗೆ ಬಿಳಿಯ ಬಣ್ಣವನ್ನು ಬಳಿಯಬೇಕು. ಏಕೆಂದರೆ ಬಿಸಿಲಿಗೆ ಕಾದ ಕೊಳವೆಯ ಮೇಲೆಯೇ ಹಾಳೆಯು ಮೊದಲು ಕೆಡುವುದು. ಹಾಳೆಗೆ ಮೊಳೆಯನ್ನು ನೇರವಾಗಿ ಹೊಡೆಯಕೂಡದು. ಒಂದೊಂದು ತೂತೂ ಮುಂದೆ ಒಂದೊಂದು ಸೀಳಾಗುವುದು. ಅಂಚನ್ನು ದಬ್ಬೆಗೆ ಎರಡು ಮೂರು ಸುತ್ತು ಸುತ್ತಿ, ಆ ದಬ್ಬೆಯನ್ನು ಚೌಕಟ್ಟಿಗೆ ಬಿಗಿದು ಕಟ್ಟಬೇಕು.

ಗಾಳಿಯಿಲ್ಲದ, ಹದವಾದ ಬಿಸಿಲಿರುವ ಬೆಳಿಗ್ಗೆಯಲ್ಲಿ ಹಾಳೆಯನ್ನು ಹೊದಿಸಬೇಕು. ಚಳಿಯಲ್ಲಿ ಬಿಗಿದ ಹಾಳೆಯು ಬಿಸಿಲಿಗೆ ಸಡಿಲವಾಗಿ ಗಾಳಿಗೆ ಪಟಪಟನೆ ಬಡಿದುಕೊಳ್ಳುವುದು. ಹಾಳೆಯು ಹರಿಯುವುದು ಹೆಚ್ಚಾಗಿ ಈ ಬಡಿತದಿಂದಲೇ. ಮಾಡಿನ ಮೇಲೆ ಐದಡಿಗೊಂದರಂತೆ ಅಡ್ಡಹಗ್ಗಗಳನ್ನು ಎಳೆದು ಕಟ್ಟಿದರೆ ಹಾಳೆಯು ಮೇಲಕ್ಕೇಳುವುದಿಲ್ಲ. ಎಲ್ಲಿಯೂ ನೀರು ನಿಲ್ಲುವ ತಗ್ಗು ಇರಕೂಡದು.

ಮಾರ್ಚ್ ತಿಂಗಳಿನಿಂದ ಮೇ ತಿಂಗಳವರೆಗೆ ಮಾತ್ರ ನಡುಹಗಲಿನಲ್ಲಿ ಶೇಕಡ ೫೦ರ ನೆರಳು ಬಲೆಯನ್ನು ಒಳಗಡೆ ಎಳೆದುಕೊಳ್ಳುವಂತೆ ಹಗ್ಗಕ್ಕೆ ತೂಗಿಬಿಡಬೇಕು. ಸಂಜೆಗೂ ಮೋಡದ ದಿನಗಳಲ್ಲಿಯೂ ಅದನ್ನು ಸರಿಸಬೇಕು. ಈ ಬಲೆಯು ದೊರೆಯದವರು ಹಳೆಯ ಬಿಳಿ ಸೀರೆಯನ್ನೇ ಹೀಗೆ ಉಪಯೋಗಿಸಬಹುದು. ಒಳಗಡೆ ಇರುವುದರಿಂದ ಅದು ಮಳೆಗೆ ನೆನೆಯುವುದಿಲ್ಲ.

ಹೆದ್ದಾರಿಯ ಮಗ್ಗುಲಿನ ಹೊಲಗಳಲ್ಲಿ ಹಾಳೆಯ ಮೇಲೂ ಬಲೆಯ ಕಣ್ಣುಗಳಲ್ಲಿಯೂ ಧೂಳು ಕೂರುವುದು. ಧೂಳಿನಿಂದ ಬೆಳಕೂ ಗಾಳಿಯೂ ಕುಗ್ಗುವುದರಿಂದ ಮಳೆಯಿಲ್ಲದ ಕಾಲದಲ್ಲಿ ತಿಂಗಳಿಗೊಮ್ಮೆ ನೀರನ್ನು ಎರಚಿ ಮೆತ್ತನೆಯ ಬಟ್ಟೆಯಿಂದ ಒರಸಬೇಕು. ಗಂಧಕ ಮತ್ತು ಕ್ಲೋರಿನ್ ಸೇರಿದ ಔಷಧಿಗಳು ಹಾಳೆಯ ಬಾಳಿಕೆಯನ್ನು ಕುಗ್ಗಿಸುತ್ತವೆ. ಅವುಗಳನ್ನು ಮಿತಿಯಲ್ಲಿಟ್ಟು, ಹಾಳೆಗೆ ತಗಲದಂತೆ ಸಿಂಪಡಿಸತಕ್ಕದ್ದು. ಸಣ್ಣ ಸೀಳು ಕಂಡ ದಿನವೇ ಅಂಟುಪಟ್ಟಿಯನ್ನು ಹಾಕಬೇಕು. ನಾಳೆಗೆ ಬಿಟ್ಟ ಸೀಳು ಗಾಳಿಯ ಪಾಲು.

ಗ್ರಾಮದ ಮುಖಂಡರು ಗಮನಿಸತಕ್ಕ ಅಂಶಗಳು

ಮೊದಲನೆಯದಾಗಿ, ಹಾಳೆಯೂ ಬಲೆಯೂ ಸುರುಳಿಯ ಲೆಕ್ಕದಲ್ಲಿ ಕೊಂಡರೆ ಅಗ್ಗ. ಒಬ್ಬ ರೈತನಿಗೆ ಇಡೀ ಸುರುಳಿಯು ಬೇಕಾಗುವುದಿಲ್ಲ. ಐದಾರು ಮಂದಿ ಸೇರಿ ಒಂದೇ ಅಳತೆಯ ಮನೆಗಳನ್ನು ಕಟ್ಟುವುದಾದರೆ ಒಟ್ಟಿಗೆ ಕೊಂಡು ಹಂಚಿಕೊಳ್ಳಬಹುದು. ಗ್ರಾಮದ ಮುಖಂಡರು ಮುಂದೆ ನಿಂತು ಇದನ್ನು ಏರ್ಪಡಿಸಿದಲ್ಲಿ ಸಣ್ಣ ಹಿಡುವಳಿದಾರರಿಗೆ ಉಪಕಾರವಾಗುವುದು.

ಎರಡನೆಯದಾಗಿ, ದೊಡ್ಡ ಹಸಿರುಮನೆಯನ್ನು ಕಟ್ಟಬಯಸುವವರು ಕೆಲಸಕ್ಕೆ ಮುಂಚಿತವಾಗಿಯೇ ತಾಲ್ಲೂಕಿನ ತೋಟಗಾರಿಕೆ ಕಛೇರಿಯಲ್ಲಿ ಸಹಾಯಧನದ ನಿಬಂಧನೆಗಳನ್ನು ವಿಚ��ರಿಸಬೇಕು. ಕಟ್ಟಿದಮೇಲೆ ವಿಚಾರಿಸುವುದರಿಂದ ಪ್ರಯೋಜನವಾಗದೆ ಹೋಗಬಹುದು. ಪೈರಿನ ಆರೈಕೆಯ ವಿಷಯದಲ್ಲಿ ಸಮೀಪದ ಹೆಸರಘಟ್ಟದಲ್ಲಿ ೧೯೬೭ನೆಯ ಇಸವಿಯಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದಲೂ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದಿಂದಲೂ ಸಲಹೆಯನ್ನು ಪಡೆಯಬಹುದು.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವಾದದ್ದು. ಬಾಳಿಕೆ ತೀರಿದ ಹಾಳೆಯು ಗರಿಯಂತೆ, ಹುಲ್ಲಿನಂತೆ ಕೊಳೆತು ಗೊಬ್ಬರವಾಗುವುದಿಲ್ಲ. ಬದುವಿನ ಮೇಲೆ ಎಸೆದರೆ ಚೂರುಗಳು ಮಣ್ಣಿನಲ್ಲಿ ಸೇರಿ ನೀರು ಇಂಗುವುದಕ್ಕೂ ಬೇರು ಇಳಿಯುವುದಕ್ಕೂ ಅಡ್ಡಿಯಾಗುವುವು. ಮಳೆಯ ನೀರಿನೊಡನೆ ಕಾಲುವೆಗೂ ಕೆರೆಗೂ ಸೇರುವುವು. ದನಕರುಗಳು ಮೇವಿನೊಡನೆ ನುಂಗಿದರೆ ಪ್ರಾಣಕ್ಕೇ ಅಪಾಯ. ಸುಟ್ಟರೆ ಹೊಗೆಯು ಮನುಷ್ಯರಿಗೆ ಕೆಡುಕು. ಆದುದರಿಂದ ಹಾಳೆಯು ಚೂರಾಗುವ ಮೊದಲೇ, ಇನ್ನೂ ಒಂದೇ ತುಂಡಾಗಿರುವಾಗಲೇ, ಇಳಿಸಿ ತೊಳೆದು ಮಡಿಸಿ ಹಳೆಯ ಪ್ಲಾಸ್ಟಿಕ್ಕನ್ನು ಕೊಳ್ಳುವವರಿಗೆ ಕೊಡಬೇಕು. ಪಂಚಾಯಿತಿಯವರು ಇದನ್ನು ಒಂದು ಕಡೆ ಕೂಡಿಹಾಕಿ ಸಾಗಿಸುವ ಏರ್ಪಾಡನ್ನು ಮಾಡಿದರೆ ಊರಿನ ನೆಲವೂ ನೀರೂ ಕೆಡದೆ ಉಳಿಯುವುವು. ಆರು ತಿಂಗಳಿಗೆ ಹರಿಯುವ ಹಾಳೆಗಿಂತ ಮೂರು ವರ್ಷ ಬಾಳುವ ಹಾಳೆಯಿಂದ ಈ ಕಸವೂ ಕಡಮೆಯೆಂಬುದನ್ನು ಇಲ್ಲಿ ನೆನೆಯಬಹುದು.

ಸಾರಾಂಶ

ಮಾಡಿಗೆ ೨೦೦ ಮೈಕ್ರಾನಿನ ಬಿಸಿಲು ತಾಳುವ ಪಾಲಿಥೀನ್ ಹಾಳೆ. ಮಗ್ಗುಲುಗಳಿಗೆ ಅಂಗುಲಕ್ಕೆ ೪೦ರಿಂದ ೫೦ ಕಣ್ಣಿನ ಕೀಟತಡೆ ಬಲೆ. ಬೇಸಗೆಯ ನಡುಹಗಲಿಗೆ ಎಳೆದು ಸರಿಸುವಂಥ ನೆರಳು ಬಲೆ ಅಥವಾ ಹಳೆಯ ಸೀರೆ. ಚೌಕಟ್ಟಿಗೆ ಊರಿನಲ್ಲಿಯೇ ಸಿಕ್ಕುವ ಕಂಬ, ಬೊಂಬುಗಳು. ಮಾಕಳಿ ಮತ್ತು ಅದರ ಸುತ್ತಿನ ಗ್ರಾಮಗಳ ಹವಾಗುಣಕ್ಕೆ ಈ ಜೋಡಣೆಯು ತಕ್ಕದ್ದು. ಬೆಲೆಯನ್ನು ಅಳತೆಯಿಂದ ನೋಡದೆ ಬಾಳಿಕೆಯಿಂದ ನೋಡಿ ಕೊಂಡು, ಭರಣಿ ಮಳೆಗೆ ಮುಂಚೆಯೇ ಮನೆಯನ್ನು ಸಿದ್ಧಪಡಿಸಿಕೊಂಡವರು ಮುಂಗಾರಿನ ನಾಟಿಯ ಹದಕ್ಕೆ ಸರಿಯಾಗಿ ತಮ್ಮ ಕೈಯಲ್ಲಿಯೇ ಪೈರನ್ನು ಪಡೆಯುವರು.